ಸಾಕು ಮನಿ ಅರ್ಜಿ: ಹೋರಾಟದ ಕೇಸ್ ಇದ್ರ ಮಗು ಕೊಡಂಗಿಲ್ಲೇನು?

ಕೆಲಗೇರಿ_ಅಕ್ಕ:
ನಾವು ಗಂಡ ಹೆಂಡ್ತಿ ಫಾಸ್ಟರ್ ಕೇರ್‌ಗೆ (ದತ್ತು ಅಲ್ಲ, ಮಗು ಮನ್ಯಾಗ ಇಟ್ಕೊಂಡು ಸಾಕೋದು) ಅರ್ಜಿ ಹಾಕೇವ್ರಿ, ಬಾಲಮಂದಿರದಾಗಿನ ಒಂದು ಮಗು ಮನೀಗೆ ಕರ್ಕೊಂಡ್ ಬರೋಣಂತ. ಮಕ್ಕಳ ರಕ್ಷಣಾ ಘಟಕದವ್ರು ಬಂದು ಅಡಗಿಮನಿ ತನಕ ನೋಡಿ ಹೋದ್ರು, ಈಗ ಪೊಲೀಸ್ ವೆರಿಫಿಕೇಶನ್‌ದಾಗ ನಿಂತೈತಿ. ಮನೆಯವ್ರ ಮ್ಯಾಲೆ 2016ರ ಮಹದಾಯಿ ನದಿ ನೀರಿನ ಹೋರಾಟದ್ದೊಂದು ಕೇಸ್ ಐತಿ. ಕಳವು ಮಾಡಿಲ್ಲ, ಯಾರ್ನೂ ಹೊಡದಿಲ್ಲ. ಇದನ್ನ ನೋಡಿ ಮಗು ಕೊಡಂಗಿಲ್ಲ ಅಂದ್ರ ಹೆಂಗ್ರಿ?

ಹಳೇಹುಬ್ಬಳ್ಳಿ_77:
ಕೇಸ್ ಅಂದ್ರ ಕೇಸ್ ರೀ. 2024ರ ಹೊಸಾ ಮಾರ್ಗಸೂಚಿ ಪ್ರಕಾರ 2 ವರ್ಷ ಸಾಕಿದ್ರ ದತ್ತು ತಗೊಳ್ಳಾಕೂ ಬರ್ತೈತಿ, ಅಂದಮ್ಯಾಲೆ ಚೆಕ್ ಗಟ್ಟಿನ ಇರಬೇಕು. ಅಮೆರಿಕದಾಗ 2006ರಾಗ ಆಡಮ್ ವಾಲ್ಶ್ ಕಾಯ್ದೆ ತಂದು ಸಾಕೋರ ಬೆರಳಚ್ಚು ತಗೊಂಡು ದೇಶದ ತುಂಬ ರೆಕಾರ್ಡ್ ನೋಡ್ತಾರ.

ಗದಗ_ವಕೀಲ:
"ಕೇಸ್ ಅಂದ್ರ ಕೇಸ್" ಅನ್ನೋದ ತಪ್ಪು. ಎಫ್‌ಐಆರ್ ಬ್ಯಾರೆ, ಚಾರ್ಜ್‌ಶೀಟ್ ಬ್ಯಾರೆ, ಶಿಕ್ಷೆ ಬ್ಯಾರೆ. ನೀವು ಹೇಳಿದ ಅಮೆರಿಕದ ಕಾನೂನೂ ಕಾಯಂ ಬಾಗಲಾ ಹಾಕೋದು ಮಕ್ಕಳ ಮ್ಯಾಲಿನ ಅಪರಾಧ, ಹೆಂಡ್ತಿ ಮ್ಯಾಲಿನ ಹಲ್ಲೆ, ರೇಪ್, ಕೊಲೆ ಇಂಥಾದ್ರಾಗ ಶಿಕ್ಷೆ ಆದವ್ರಿಗೆ.

ನವಲಗುಂದ_ರೈತ:
77 ಅವ್ರ, 7.56 ಟಿಎಂಸಿ ನೀರು ಕೇಳಿದ್ವಿ, ನ್ಯಾಯಾಧಿಕರಣ ಇಲ್ಲ ಅಂತು, ಜನ ರಸ್ತೆಗಿಳೀತು. ಯಮನೂರಾಗ ಲಾಠಿ ತಿಂದವ್ರು ನಾವು. ನಮ್ಮನ್ನ ಕ್ರಿಮಿನಲ್ ಅಂತೀರೇನು?

ಹಳೇಹುಬ್ಬಳ್ಳಿ_77:
ನಾ ಕ್ರಿಮಿನಲ್ ಅಂದಿಲ್ಲ. ಆದ್ರ ಅವತ್ತು ಕಲ್ಲು ತೂರಿದವ್ರೂ ಇದ್ರು, ಅದನ್ನೂ ಹೇಳ್ರಿ.

ನವಲಗುಂದ_ರೈತ:
ಯಾರು ತೂರಿದ್ರು ಹೆಸರು ಹೇಳ್ರಿ! ಊರಿಗೆ ಊರನ್ನ ಎಫ್‌ಐಆರ್‌ನ್ಯಾಗ ಸೇರಿಸಿದ್ರ ಕುಡಿಯೋ ನೀರು ಕೇಳಿದ ಮುದುಕನೂ ಕಲ್ಲು ತೂರಿದವನ ಆಗ್ತಾನ. ಮನ್ಯಾಗ ಕುಂತು ಹೇಳೋದು ಸಸಾರ ಐತಿ.

ಹಳೇಹುಬ್ಬಳ್ಳಿ_77:
ಮನ್ಯಾಗ ಕುಂತಿಲ್ಲ. ನಮ್ಮ ಅಂಗಡಿ ಬಂದ್ ಇತ್ತು, ಪಗಾರ ಕೈಯಿಂದ ಕೊಟ್ಟೇನಿ.

ಹಾವೇರಿ_ಟೀಚರ್:
ಮಹದಾಯಿ ಬಿಡ್ರೆಪಾ, ಮಗು ಮಾತಾಡ್ರಿ. ನನ್ನ ಕ್ಲಾಸಿನ್ಯಾಗ ಒಂದು ಹುಡುಗಿ ಸಂಬಂಧಿಕರ ಮನ್ಯಾಗ ಇತ್ತು, ಆ ಮನಿ ಮ್ಯಾಲೆ ಒಂದ ಒಂದು ಕೇಸ್ ಇರಲಿಲ್ಲ, ಹುಡುಗಿ ಮುಂಜಾನೆ ಐದಕ್ಕ ಎದ್ದು ಭಾಂಡೆ ತಿಕ್ಕಿ ಸಾಲಿಗೆ ಬರ್ತಿತ್ತು, ಕೈ ನೋಡಿ ನಾನ ಕೇಳಿದ್ಮ್ಯಾಲೆ ಗೊತ್ತಾತು. ಪೊಲೀಸ್ ಚೀಟಿ ಇದನ್ನ ಹಿಡಿಯಂಗಿಲ್ಲ. ಬಾಲನ್ಯಾಯ ಕಾಯ್ದೆ 44ನೇ ಕಲಮಿನ್ಯಾಗ ಸಾಕು ಮನೀನ ಮಕ್ಕಳ ಕಲ್ಯಾಣ ಸಮಿತಿ ತಿಂಗಳಾ ನೋಡಬೇಕಂತ ಐತಿ. ಅದಕ್ಕ ಜೋರು ಮಾಡ್ರಿ.

ಹಳೇಹುಬ್ಬಳ್ಳಿ_77:
"ಪೊಲೀಸ್ ಚೀಟಿ ಹಿಡಿಯಂಗಿಲ್ಲ" ಅಂದ್ರ ವೆರಿಫಿಕೇಶನ್ನ ಬ್ಯಾಡೇನ್ರಿ?

ಹಾವೇರಿ_ಟೀಚರ್:
ನಾ ಎಲ್ಲಿ ಅಂದೆ ಬ್ಯಾಡಂತ? ಅದೊಂದ ಸಾಲಂಗಿಲ್ಲ ಅಂದೆ. ಮತ್ತ ಮಾಡೋದಿದ್ರ ಪೂರ್ತಿ ಮಾಡ್ರಿ. ಹುಬ್ಬಳ್ಳಿ-ಧಾರವಾಡ ಕಮಿಷನರ್ ಕೈಯಾಗ, ನವಲಗುಂದ ಕಲಘಟಗಿ ಎಸ್‌ಪಿ ಕೈಯಾಗ. ಬಾಡಿಗಿ ಮನಿಯವ್ರು ನಾಕು ಊರು ತಿರಿಗಿರ್ತಾರ, ಬರೇ ಈಗಿನ ಅಡ್ರೆಸ್ಸಿನ ಠಾಣೆ ಕೇಳಿದ್ರ ಏನು ಗೊತ್ತಾಗ್ತೈತಿ?

ಗದಗ_ವಕೀಲ:
ಇದೊಂದು ಮಾತು ಖರೆ. 2018ರಾಗ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಡೇಟಾಬೇಸ್ ಶುರು ಮಾಡ್ಯಾರ, ಅದು ಪೊಲೀಸ್ರಿಗಷ್ಟ ಕಾಣ್ತೈತಿ, ಹಂಗಾಗಿ ಪ್ರತಿ ಅರ್ಜೀಗೂ ಅವ್ರ ಅದನ್ನ ತಗದು ನೋಡಬೇಕು. ಅಕ್ಕಾರ, ಕೋರ್ಟಿನಿಂದ ಕೇಸಿನ ಸ್ಥಿತಿ ಏನೈತಿ ಅಂತ ದೃಢೀಕೃತ ನಕಲು ತಗೊಂಡು ರಕ್ಷಣಾ ಘಟಕಕ್ಕ ನೀವ ಕೊಡ್ರಿ. ಮುಚ್ಚಿಡಬ್ಯಾಡ್ರಿ.

ನವಲಗುಂದ_ರೈತ:
ಮುಚ್ಚಿಡಾಕ ಏನೈತಿ? ಹೋರಾಟ ಮಾಡಿದ್ದು ಎದಿ ತಟ್ಟಿ ಹೇಳ್ರಿ ಅಕ್ಕಾ.

ಹಳೇಹುಬ್ಬಳ್ಳಿ_77:
ನಕಲು ಬರ್ಲಿ, ಅದ್ರಾಗ ಹೊಡೆದಾಟದ ಕಲಮ್ ಇಲ್ಲಂದ್ರ ಮಗು ಕೊಡ್ಲಿ, ನಂದೇನೂ ತಕರಾರಿಲ್ಲ. ಕಲ್ಲಿನ ಮಾತು ಮಾತ್ರ ನಾ ಹಿಂದಕ್ಕ ತಗೊಳಂಗಿಲ್ಲ.

ನವಲಗುಂದ_ರೈತ:
ಮತ್ತ ಅದನ್ನ ಅಂತೀರಲ್ರಿ!

ಕೆಲಗೇರಿ_ಅಕ್ಕ:
ನಕಲಿಗೆ ನವಲಗುಂದ ಕೋರ್ಟಿಗೆ ಹೋಗಬೇಕೋ ಧಾರವಾಡಕ್ಕೋ, ಯಾರರ ಹೇಳ್ರಿ. ಮನೆಯವ್ರು ನಾಳೆ ರಜಾ ಹಾಕ್ಯಾರ.