ಅಪ್‌ಡೇಟ್: ಕಂಟ್ರೋಲ್+ಎಸ್ ಒತ್ತಿದರೆ ಟರ್ಮಿನಲ್ ನಿಲ್ಲುತ್ತಿದ್ದದ್ದು ಸರಿಹೋಯಿತು

ಬ್ಯಾಷ್‌ನಲ್ಲಿ (ಟರ್ಮಿನಲ್‌ನಲ್ಲಿ ನಾವು ಬರೆದ ಕಮಾಂಡ್ ಓದಿ ನಡೆಸುವ ಶೆಲ್ ಪ್ರೋಗ್ರಾಂ) ಕಂಟ್ರೋಲ್+ಆರ್ ಒತ್ತಿ ಹಳೇ ಕಮಾಂಡ್ ಹುಡುಕುವಾಗ ಬೇಕಾದ್ದು ದಾಟಿಹೋದರೆ, ವಾಪಸ್ ಬರಲು ಕಂಟ್ರೋಲ್+ಎಸ್ ಒತ್ತಿದಾಗ ಪರದೆ ಯಾಕೆ ಸ್ತಬ್ಧವಾಗುತ್ತದೆ ಎಂದು ಕೇಳಿದ್ದೆ.

ತಪ್ಪು ಟರ್ಮಿನಲ್ ಎಮ್ಯುಲೇಟರ್‌ದಲ್ಲ, ಅಂದರೆ ಟರ್ಮಿನಲ್ ಕಿಟಕಿ ತೋರಿಸುವ ಆ್ಯಪ್‌ನದ್ದಲ್ಲ. ಆ ಕೀ ಬ್ಯಾಷ್‌ಗೆ ತಲುಪುವ ಮೊದಲೇ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಟಿಟಿವೈ, ಅಂದರೆ ಟರ್ಮಿನಲ್ ನೋಡಿಕೊಳ್ಳುವ ಭಾಗ, ಅದನ್ನು 'ಔಟ್‌ಪುಟ್ ನಿಲ್ಲಿಸು' ಎಂದು ಓದಿಕೊಳ್ಳುತ್ತದೆ. ಟೆಲಿಪ್ರಿಂಟರ್ ಕಾಲದಿಂದ ಬಂದ ಪದ್ಧತಿ. ಕಂಟ್ರೋಲ್+ಕ್ಯೂ ಒತ್ತಿದರೆ ಪರದೆ ಮತ್ತೆ ಓಡುತ್ತದೆ. ಆದರೆ ನಿಂತಿದ್ದಾಗ ಒತ್ತಿದ ಕೀಗಳು, ಎಂಟರ್ ಸಮೇತ, ಕಳೆದುಹೋಗುವುದಿಲ್ಲ, ಕಮಾಂಡ್ ಆಗಿ ನಡೆದುಬಿಡಬಹುದು. ಗಾಬರಿಯಲ್ಲಿ ಏನನ್ನೂ ಕುಟ್ಟಬೇಡಿ, ದಯವಿಟ್ಟು.

ಶಾಶ್ವತವಾಗಿ ತಪ್ಪಿಸಲು ಬ್ಯಾಷ್‌ಆರ್‌ಸಿ ಫೈಲಿನಲ್ಲಿ (ಬ್ಯಾಷ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್) ಒಂದು ಸಾಲು ಸಾಕು: 'ಎಸ್‌ಟಿಟಿವೈ', ಸ್ಪೇಸ್, ಮೈನಸ್ ಚಿಹ್ನೆ, ಅದಕ್ಕೆ ಅಂಟಿದಂತೆ 'ಐಎಕ್ಸ್‌ಒಎನ್', ಎಲ್ಲವೂ ಸಣ್ಣಕ್ಷರದಲ್ಲಿ. ಇಂಟರ್‌ಆಕ್ಟಿವ್ ಶೆಲ್ (ಮುಂದೆ ಕೂತು ಟೈಪ್ ಮಾಡುವಂಥದ್ದು) ಹೌದೋ ಅಲ್ಲವೋ ಎಂದು ನೋಡುವ ಸಾಲಿನ ಕೆಳಗೇ ಇದನ್ನು ಹಾಕಿ. ಮೇಲಿದ್ದರೆ ಎಸ್‌ಸಿಪಿ (ನೆಟ್‌ವರ್ಕ್ ಮೂಲಕ ಫೈಲ್ ನಕಲು) ಮಾಡುವಾಗ ಎರರ್ ಕಾಣಿಸಬಹುದು.

ಈಗ ಕಂಟ್ರೋಲ್+ಎಸ್ ಮುಂದಕ್ಕೆ ಹುಡುಕುತ್ತದೆ.