ಪುಟ್ಟಿಯ ಎಂ.ಎಸ್‌ಸಿ. ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ

ಪುಟ್ಟಿ, ಭಾವ, ಇಬ್ಬರಿಗೂ ಸೇರಿಸಿ ಒಂದೇ ಸಲ ಹೇಳಿಬಿಡುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತು ಇಲ್ಲದವರು ದಾಟಿಕೊಂಡು ಹೋಗಿ.

ಪುಟ್ಟಿ ಕೇಳಿದ್ದು, ಜಿಯಾಲಜಿಯಲ್ಲಿ ಬಿ.ಎಸ್‌ಸಿ. ಮುಗಿಯುತ್ತಾ ಬಂತು, ಶಕ್ತಿಗಾಗಿ ನೆಲದಡಿಯ ಕಲ್ಲುಗಳನ್ನು ಓದುವ ಎನರ್ಜಿ ಜಿಯೋಸೈನ್ಸ್‌ನಲ್ಲಿ ಎಂ.ಎಸ್‌ಸಿ. ಮಾಡಲಾ ಅಂತ. ಅದರ ಕೆಳಗೇ ಭಾವ ಕೇಳಿದ್ದು, ಇದು ಹಳೇ ಪೆಟ್ರೋಲಿಯಂ ಜಿಯಾಲಜಿಗೆ ಹೊಸ ಬೋರ್ಡ್ ಹಾಕಿದ್ದಲ್ವಾ, ನಾಳೆ ಎಣ್ಣೆ ಯಾರಿಗೂ ಬೇಡ ಅಂದರೆ ಇವಳ ಗತಿ ಏನು ಅಂತ.

ಭಾವ, ನಿಮ್ಮ ಅನುಮಾನ ಸುಳ್ಳಲ್ಲ. ಕೆಲವು ಕಡೆ ಬೋರ್ಡ್ ಮಾತ್ರ ಬದಲಾಗಿದೆ, ಒಳಗಿನ ಪಾಠ ಅದೇ. ಆದರೆ ಪಾಠ ಅದೇ ಆಗಿರುವುದು ಅಷ್ಟು ಕೆಟ್ಟದ್ದೂ ಅಲ್ಲ. ಎಣ್ಣೆ ಹುಡುಕುವವರು ಏನು ನೋಡುತ್ತಾರೆ ಹೇಳಿ. ನೆಲದಡಿಯಲ್ಲಿ ಎಣ್ಣೆಯ ಕೆರೆ ಇರುವುದಿಲ್ಲ. ಮರಳುಗಲ್ಲಿನಂಥ ಕಲ್ಲುಗಳ ಕಣಗಳ ನಡುವಿನ ಸಣ್ಣ ಸಣ್ಣ ಸಂದಿಗಳಲ್ಲಿ ಅದು ತುಂಬಿಕೊಂಡಿರುತ್ತದೆ. ಆ ಸಂದಿ ಎಷ್ಟಿದೆ, ಒಂದಕ್ಕೊಂದು ಕೂಡಿಕೊಂಡಿವೆಯಾ, ಮೇಲೆ ಸೋರದ ಹಾಗೆ ಜೇಡಿಮಣ್ಣು ಗಟ್ಟಿಯಾಗಿ ಆದ ಶೇಲ್ ಕಲ್ಲಿನ ಮುಚ್ಚಳ ಇದೆಯಾ, ಪಕ್ಕದಲ್ಲಿ ಫಾಲ್ಟ್, ಅಂದರೆ ಕಲ್ಲು ಜರುಗಿದ ಸೀಳು, ಹಾದುಹೋಗಿದೆಯಾ. ಈಗ ಎಣ್ಣೆ ತೆಗೆಯುವ ಬದಲು ಕಾರ್ಬನ್ ಡೈಆಕ್ಸೈಡನ್ನು ಗಾಳಿಗೆ ಸೇರದ ಹಾಗೆ ಒಳಗೆ ತುಂಬಬೇಕು ಅಂದುಕೊಳ್ಳಿ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ.

ನಾರ್ವೆಯವರು ಉತ್ತರ ಸಮುದ್ರದ ಸ್ಲೈಪ್ನರ್‌ನಲ್ಲಿ 1996ರಿಂದ ಈ ಕೆಲಸ ಮಾಡಿದ್ದಾರೆ. ಅಲ್ಲಿ ಸಿಗುವ ಗ್ಯಾಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇತ್ತು. ಬೇರ್ಪಡಿಸಿ ಗಾಳಿಗೆ ಬಿಟ್ಟರೆ ಸರ್ಕಾರಕ್ಕೆ ತೆರಿಗೆ ಕಟ್ಟಬೇಕು. ಅದಕ್ಕೇ ಸಮುದ್ರದ ತಳದ ಕೆಳಗಿರುವ ಉತ್ಸಿರಾ ಅನ್ನುವ ಮರಳುಗಲ್ಲಿನ ಪದರಕ್ಕೆ ಇಳಿಸಿದರು. ಶುರುವಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಟನ್. ಅದು ಎಲ್ಲಿಗೆ ಹರಿಯಿತು ಅಂತ ಮತ್ತೆ ಮತ್ತೆ ಸೀಸ್ಮಿಕ್ ಸರ್ವೆ (ನೆಲದೊಳಗೆ ಅಲೆ ಕಳಿಸಿ, ತಿರುಗಿ ಬಂದದ್ದರಿಂದ ಚಿತ್ರ ಮಾಡುವುದು) ಮಾಡಿ ನೋಡಿದರು. ಪದರದ ಒಳಗೇ ಇದ್ದ ತೆಳ್ಳನೆಯ ಶೇಲ್‌ಗಳ ಕೆಳಗೆ ಗ್ಯಾಸ್ ನಿಂತು ನಿಂತು, ಹರಡಿಕೊಂಡು ಮೇಲೇರಿದ್ದು ಚಿತ್ರದಲ್ಲಿ ಚೆನ್ನಾಗಿ ಕಂಡಿತು. ಎಣ್ಣೆ ಹುಡುಕಲು ಕಲಿತ ವಿದ್ಯೆಯೇ ಅಲ್ಲಿ ಕೆಲಸಕ್ಕೆ ಬಂದದ್ದು.

ಅದೇ ನಾರ್ವೆಯವರು 2008ರಲ್ಲಿ ಸ್ನೋವಿಟ್ ಅನ್ನುವ ಇನ್ನೊಂದು ಕಡೆ ಶುರು ಮಾಡಿದರು. ಅನುಭವ ಇತ್ತು, ದುಡ್ಡಿತ್ತು, ಒಳ್ಳೆಯ ಡೇಟಾ ಇತ್ತು. ಆದರೂ ಒಳಗಿನ ಒತ್ತಡ ಲೆಕ್ಕ ಹಾಕಿದ್ದಕ್ಕಿಂತ ಬೇಗ ಏರಿತು. ಮರಳುಗಲ್ಲು ಅಂದುಕೊಂಡಷ್ಟು ದೂರ ಸಲೀಸಾಗಿ ಹರಿಯಲು ಬಿಡಲಿಲ್ಲ. 2011ರಲ್ಲಿ ಅದೇ ಬಾವಿಯಿಂದ ಮೇಲಿನ ಬೇರೆ ಪದರಕ್ಕೆ ಬದಲಾಯಿಸಿದರು. ಪುಟ್ಟಿ, ನನ್ನನ್ನು ಕೇಳಿದರೆ ಈ ಓದಿನ ತಿರುಳು ಇರುವುದು ಇಲ್ಲೇ. ಕಲ್ಲಿನಲ್ಲಿ ಎಷ್ಟು ಜಾಗ ಇದೆ ಅನ್ನುವುದು ಸುಲಭದ ಭಾಗ. ತೆಗೆದಾಗಲೋ ತುಂಬಿದಾಗಲೋ ಒತ್ತಡ ಏನಾಗುತ್ತದೆ, ಅದಕ್ಕೆ ಕಲ್ಲು ಏನು ಮಾಡುತ್ತದೆ ಅನ್ನುವುದೇ ಕಷ್ಟದ ಭಾಗ.

ಜಿಯೋಥರ್ಮಲ್, ಅಂದರೆ ನೆಲದ ಶಾಖದಿಂದ ಶಕ್ತಿ ತೆಗೆಯುವುದು, ಅದನ್ನೂ ತೆಗೆದುಕೋ. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಕೆಳಗಿಳಿದರೆ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಇಟಲಿಯ ಲಾರ್ಡೆರೆಲ್ಲೋದಲ್ಲಿ 1904ರಲ್ಲೇ ನೆಲದ ಹಬೆಯಿಂದ ಬಲ್ಬ್ ಉರಿಸಿದ್ದರು. ಅಲ್ಲಿ ಹಬೆ ತಾನಾಗಿಯೇ ಇತ್ತು. ಒಣ ಬಿಸಿ ಕಲ್ಲಿನಿಂದ ಶಾಖ ತೆಗೆಯಬೇಕಾದರೆ ನೀರನ್ನು ಒತ್ತಿ ಬಿರುಕು ತೆರೆಯಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಅಡಿಯಲ್ಲಿ 2006ರಲ್ಲಿ ಹಾಗೆ ಮಾಡಿದಾಗ 3.4 ತೀವ್ರತೆಯ ಭೂಕಂಪ ಆಯಿತು, ಯೋಜನೆಯೇ ನಿಂತುಹೋಯಿತು. ದಕ್ಷಿಣ ಕೊರಿಯಾದ ಪೋಹಾಂಗ್‌ನಲ್ಲಿ 2017ರಲ್ಲಿ ಆದದ್ದು 5.4. ಜನರಿಗೆ ಗಾಯ ಆಯಿತು, ಕಟ್ಟಡಗಳು ಹಾಳಾದವು. ಅಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಫಾಲ್ಟ್ ಮೊದಲೇ ಜಾರುವ ಹಂತದಲ್ಲಿತ್ತು, ಒತ್ತಿದ ನೀರು ಅದನ್ನು ಜಾರಿಸಿತು.

ತುಂಬಿದರೆ ಮಾತ್ರ ಹೀಗೆ ಅಂದುಕೊಳ್ಳಬೇಡ. ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್ ಗ್ಯಾಸ್ ಕ್ಷೇತ್ರ ಸಿಕ್ಕಿದ್ದು 1959ರಲ್ಲಿ. ದಶಕಗಟ್ಟಲೆ ಗ್ಯಾಸ್ ತೆಗೆದು ತೆಗೆದು ಒತ್ತಡ ಇಳಿಯಿತು, ಮರಳುಗಲ್ಲು ಅದುಮಿಕೊಂಡಿತು, ನೆಲ ನಡುಗತೊಡಗಿತು. 2012ರಲ್ಲಿ 3.6 ತೀವ್ರತೆಯದ್ದು ಬಂದ ಮೇಲೆ ಜನ ಸುಮ್ಮನಿರಲಿಲ್ಲ. ಕೊನೆಗೆ ಒಳಗೆ ಇನ್ನೂ ಗ್ಯಾಸ್ ಇದ್ದರೂ ಮುಚ್ಚಿದರು. ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ, ಆದರೆ ಆಳ ಬರೀ 3 ಕಿಲೋಮೀಟರ್, ಮೇಲಿನ ಮಣ್ಣು ಮೆತ್ತಗೆ. ಮನೆಗಳು ಬಿರುಕು ಬಿಟ್ಟವು.

ಹಾಗಾಗಿ ಪುಟ್ಟಿ, ಕೋರ್ಸಿನ ಹೆಸರಿನಲ್ಲಿ ಎನರ್ಜಿ ಇದೆಯಾ, ಸಸ್ಟೇನಬಲ್ ಇದೆಯಾ, ಟ್ರಾನ್ಸಿಷನ್ ಇದೆಯಾ ಅಂತ ನೋಡಲು ಹೋಗಬೇಡ. ಜಿಯೋಮೆಕ್ಯಾನಿಕ್ಸ್ (ಒತ್ತಡಕ್ಕೆ ಕಲ್ಲು ಏನು ಮಾಡುತ್ತದೆ ಅನ್ನುವ ಪಾಠ) ಮತ್ತು ಕಲ್ಲಿನೊಳಗೆ ದ್ರವ ಹರಿಯುವ ಪಾಠ ಎಲ್ಲರೂ ಓದಲೇಬೇಕಾದ ಪೇಪರಾಗಿದೆಯಾ, ಇಲ್ಲಾ ಯಾವುದೋ ಮೂಲೆಯಲ್ಲಿ ಆಪ್ಷನಲ್ ಆಗಿ ಕೂತಿದೆಯಾ ಅಂತ ಮೊದಲು ನೋಡು. ಅವೆರಡೂ ಗಟ್ಟಿ ಇದ್ದರೆ ಎಣ್ಣೆ, ಕಾರ್ಬನ್, ಹೈಡ್ರೋಜನ್, ಬಿಸಿ ನೀರು, ಯಾವುದಕ್ಕೂ ಹೋಗಬಹುದು. ಇಲ್ಲದಿದ್ದರೆ ಭಾವ ಹೇಳಿದ ಹಾಗೆ ಅದು ಬೋರ್ಡೇ.

ಉಳಿದ ಪಾಠಗಳು ಸಾಮಾನ್ಯವಾಗಿ ಎಲ್ಲ ಕಡೆ ಇರುತ್ತವೆ. ಸೀಸ್ಮಿಕ್ ಓದುವುದು, ವೆಲ್ ಲಾಗ್ (ಬಾವಿಯೊಳಗೆ ಉಪಕರಣ ಇಳಿಸಿ ತೆಗೆದ ಅಳತೆ) ಓದುವುದು, ಮಾಡೆಲ್ ಕಟ್ಟುವುದು, ಫೀಲ್ಡ್, ಕೊನೆಗೆ ಥೀಸಿಸ್. ಕೆಲವು ದೇಶಗಳಲ್ಲಿ ಒಂದೇ ವರ್ಷಕ್ಕೆ ಮುಗಿಸುತ್ತಾರೆ, ಅಲ್ಲಿ ಉಸಿರಾಡಲು ಬಿಡುವುದಿಲ್ಲ. ನಿನಗೆ ಲೆಕ್ಕ ಸ್ವಲ್ಪ ಮಂಕಾಗಿದೆ ಅನ್ನಿಸಿದರೆ ಎರಡು ವರ್ಷದ್ದೇ ವಾಸಿ.

ಲೆಕ್ಕ ಯಾಕೆ ಅಂತ ನೀನು ಕೇಳಿದ್ದೆ. ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಕಲ್ಲಿನಲ್ಲಿ ಸೀಸ್ಮಿಕ್ ಅಲೆಯ ವೇಗ ಸೆಕೆಂಡಿಗೆ 3,000 ಮೀಟರ್, ಆವರ್ತನ (ಸೆಕೆಂಡಿಗೆ ಎಷ್ಟು ಸಲ ಅನ್ನುವುದು) 30 ಹರ್ಟ್ಸ್ ಅಂದರೆ ಅಲೆಯ ಉದ್ದ 100 ಮೀಟರ್. ಅದರ ಕಾಲು ಭಾಗಕ್ಕಿಂತ, ಅಂದರೆ 25 ಮೀಟರಿಗಿಂತ ತೆಳ್ಳಗಿನ ಪದರದ ಮೇಲಂಚು ಕೆಳಂಚು ಸೀಸ್ಮಿಕ್‌ನಲ್ಲಿ ಬೇರೆ ಬೇರೆಯಾಗಿ ಕಾಣುವುದಿಲ್ಲ. ಇನ್ನೊಂದು ಕಡೆ ಬಾವಿಯಿಂದ ಬರುವ ಕೋರ್, ಅಂದರೆ ಕೊರೆದು ತೆಗೆದ ಕಲ್ಲಿನ ತುಂಡು, ಅಂಗೈಯಗಲ ಅಷ್ಟೇ. ಒಂದು ಬಾವಿಗೂ ಇನ್ನೊಂದಕ್ಕೂ ನಡುವೆ ಕಿಲೋಮೀಟರ್‌ಗಟ್ಟಲೆ ದೂರ. ನಡುವೆ ಇರುವುದನ್ನು ಊಹಿಸಬೇಕು, ಊಹೆ ಎಷ್ಟು ತಪ್ಪಿರಬಹುದು ಅಂತಲೂ ಹೇಳಬೇಕು. ಸ್ಟ್ಯಾಟಿಸ್ಟಿಕ್ಸ್ ಬೇಕಾಗುವುದು ಅಲ್ಲೇ. ಪೈಥಾನ್ ಪ್ರೋಗ್ರಾಮಿಂಗ್ ಕೂಡ ಈಗಲೇ ಕಲಿಯಲು ಶುರು ಮಾಡು. ಬಣ್ಣಬಣ್ಣದ ಸಾಫ್ಟ್‌ವೇರ್ ಬರುತ್ತದೆ, ಹೋಗುತ್ತದೆ, ಅದರ ಬಟನ್ ಕಲಿಸುವುದನ್ನೇ ದೊಡ್ಡದು ಮಾಡುವ ಕೋರ್ಸ್ ನನಗೆ ಇಷ್ಟವಿಲ್ಲ.

ಭಾವ, ಕೆಲಸದ ವಿಷಯ. ಇಲ್ಲಿ ನಿಮ್ಮ ಭಯಕ್ಕೆ ಅರ್ಥವಿದೆ. ಈ ಕ್ಷೇತ್ರದಲ್ಲಿ ಕೆಲಸ ಎಣ್ಣೆಯ ಬೆಲೆಯ ಜೊತೆ ಏರುತ್ತದೆ, ಇಳಿಯುತ್ತದೆ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೇಲಿದ್ದದ್ದು 2016ರ ಜನವರಿಯಲ್ಲಿ 30ರ ಕೆಳಗೆ ಬಂತು, ಜಿಯಾಲಜಿಸ್ಟ್‌ಗಳು ಗುಂಪು ಗುಂಪಾಗಿ ಕೆಲಸ ಕಳೆದುಕೊಂಡರು. ಕಾರ್ಬನ್ ಸಂಗ್ರಹ, ಜಿಯೋಥರ್ಮಲ್ ಬೆಳೆಯುತ್ತಿವೆ ನಿಜ, ಆದರೆ ಅವು ಸರ್ಕಾರದ ನೀತಿಯನ್ನು ನೆಚ್ಚಿಕೊಂಡಿವೆ. ಹಾಗಾಗಿ ಇವಳಿಗೆ ಪಕ್ಕದಲ್ಲಿ ಇನ್ನೊಂದು ದಾರಿ ಇರಲಿ. ಅಂತರ್ಜಲ ಇರಬಹುದು, ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸಲು ತಳದ ಮಣ್ಣು ಪರೀಕ್ಷಿಸುವುದಿರಬಹುದು. ಫಿನ್‌ಲೆಂಡಿನವರು ಓಂಕಾಲೋದಲ್ಲಿ 400 ಮೀಟರಿಗೂ ಆಳದ ಗಟ್ಟಿ ಕಲ್ಲಿನಲ್ಲಿ ಪರಮಾಣು ತ್ಯಾಜ್ಯ ಹೂಳಲು ಸುರಂಗ ಕೊರೆದಿದ್ದಾರೆ, ಅಲ್ಲಿಗೂ ಬೇಕಾದವರು ಇದೇ ಕಲ್ಲಿನ ಬಿರುಕು ಓದುವವರು.

ನೆಲದಲ್ಲಿ ತಾನಾಗಿ ಸಿಗುವ ಹೈಡ್ರೋಜನ್ ಬಗ್ಗೆ ಪುಟ್ಟಿ ಒಂದು ವಿಡಿಯೋ ಹಾಕಿದ್ದಳು. ಮಾಲಿ ದೇಶದಲ್ಲಿ ನೀರಿಗೆ ಅಂತ ಕೊರೆದ ಬಾವಿಯಲ್ಲಿ ಅದು ಸಿಕ್ಕಿದ್ದು, ಅದರಿಂದ ಹಳ್ಳಿಗೆ ಕರೆಂಟ್ ಕೊಟ್ಟದ್ದು ನಿಜವೇ. ಚೆಂದದ ವಿಷಯ. ಅದನ್ನು ನಂಬಿಕೊಂಡು ಮಾತ್ರ ಕೋರ್ಸ್ ಆರಿಸಬೇಡ.

ಸೇರುವ ಮೊದಲು ಒಂದು ಕೆಲಸ ಮಾಡು. ನಾರ್ವೆಯ ವೋಲ್ವೆ ಎಣ್ಣೆ ಕ್ಷೇತ್ರದ ಡೇಟಾವನ್ನು 2018ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ನಿಜವಾದ ಬಾವಿಗಳು, ನಿಜವಾದ ಲಾಗ್‌ಗಳು. ಒಂದು ಬಾವಿಯ ಗಾಮಾ ರೇ ಲಾಗ್ (ಕಲ್ಲಿನ ಸಹಜ ವಿಕಿರಣದ ಅಳತೆ) ತೆರೆದು ಎಲ್ಲಿ ಶೇಲ್, ಎಲ್ಲಿ ಮರಳುಗಲ್ಲು ಅಂತ ನೀನೇ ಗುರುತು ಹಾಕು. ಆಮೇಲೆ ಅವರ ವರದಿ ಜೊತೆ ಹೋಲಿಸಿ ನೋಡು. ಆ ಕೆಲಸ ಮಾಡುತ್ತಾ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಅಂದರೆ ಸೇರು. ಬೇಜಾರಾಯಿತು ಅಂದರೆ ಅದನ್ನೂ ಹೇಳು, ಯಾರೂ ಬೈಯುವುದಿಲ್ಲ.

ಮತ್ತೆ ನೀನು ನೋಡಿಟ್ಟಿರುವ ಕೋರ್ಸ್‌ಗಳ ಸಿಲಬಸ್ ಇಲ್ಲೇ ಹಾಕು. ಹೋದ ವರ್ಷದ ಹುಡುಗರ ಥೀಸಿಸ್ ವಿಷಯಗಳ ಪಟ್ಟಿ ಸಿಕ್ಕಿದರೆ ಅದನ್ನೂ. ನಿನ್ನ ಚಿಕ್ಕಮ್ಮ, ಅಂದರೆ ನಾನು, ಓದಿ ಹೇಳುತ್ತೇನೆ.