ಚರ್ಚಿನಲ್ಲಿ ಒಂದು ಥರ, ಮನೆಯಲ್ಲಿ ಒಂದು ಥರ: ನಿಮ್ಮ ಮನೆಯಲ್ಲಿ ಇದನ್ನು ಹೇಗೆ ದಾಟಿದಿರಿ?

ಕೇಳಿದವರು: ಇಬ್ಬರು ಮಕ್ಕಳ ತಾಯಿ

ಎಲ್ಲರಿಗೂ ಯೇಸುವಿನ ಹೆಸರಿನಲ್ಲಿ ವಂದನೆ. ನನ್ನ ದೊಡ್ಡ ಮಗನಿಗೆ 13 ವರ್ಷ, ಚಿಕ್ಕವಳಿಗೆ 8. ಭಾನುವಾರದ ಆರಾಧನೆ ನಾವು ತಪ್ಪಿಸುವುದಿಲ್ಲ. ಆದರೆ ಮನೆಯೊಳಗೆ ನಂಬಿಕೆ ಎಲ್ಲಿದೆ ಅಂತ ಹುಡುಕಿದರೆ ನನಗೇ ಸಿಗುವುದಿಲ್ಲ. ಕುಟುಂಬ ಪ್ರಾರ್ಥನೆ ಶುರು ಮಾಡುತ್ತೇವೆ, ಒಂದು ವಾರ ನಡೆಯುತ್ತದೆ. ಆಮೇಲೆ ಯಾರಿಗೋ ಜ್ವರ, ಯಾರಿಗೋ ಪರೀಕ್ಷೆ, ಅಲ್ಲಿಗೆ ನಿಂತು ಹೋಗುತ್ತದೆ. ಯಜಮಾನರು ಮನೆಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತಾರೆ. ನನಗೆ ಸಿಟ್ಟು ಜಾಸ್ತಿ. ಮೊನ್ನೆ ಮಗ ಹೇಳಿಬಿಟ್ಟ: "ಅಮ್ಮ, ನೀನು ಚರ್ಚಲ್ಲಿ ಒಂದು ಥರ ಮಾತಾಡ್ತೀಯ, ಮನೇಲಿ ಒಂದು ಥರ." ನನಗೆ ಮಾತೇ ಬರಲಿಲ್ಲ. ದಯವಿಟ್ಟು ಉಪದೇಶ ಬೇಡ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ, ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ, ಅದನ್ನು ಹೇಳಿ.

ಒಬ್ಬ ತಂದೆ

ಸಿಸ್ಟರ್, ನಿಮ್ಮ ಮಗ ನಿಮ್ಮ ಮುಂದೆಯೇ ಹೇಳಿದ್ದಾನೆ. ಅದಕ್ಕೆ ದೇವರಿಗೆ ಸ್ತೋತ್ರ ಹೇಳಿ. ನನ್ನ ಮಗಳು ಹೇಳಲೂ ಇಲ್ಲ, ಮಾತು ಬಿಟ್ಟುಬಿಟ್ಟಳು.

ನಮ್ಮ ಮನೆಯಲ್ಲಿ ಕುಟುಂಬ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಎಲ್ಲರೂ ಕೂರಲೇಬೇಕು. ವಾಕ್ಯ ಓದುವುದೂ ನಾನೇ, ಪ್ರಾರ್ಥನೆ ಮಾಡುವುದೂ ನಾನೇ. ಆ ಪ್ರಾರ್ಥನೆಯೊಳಗೆ ಬೈಗುಳ ಸೇರಿಕೊಂಡಿದೆ ಅಂತ ಆಗ ತಿಳಿಯಲಿಲ್ಲ. "ಕರ್ತನೇ, ಇವಳಿಗೆ ವಿಧೇಯತೆ ಕೊಡು, ಇವಳ ಸೋಮಾರಿತನ ತೆಗೆದುಹಾಕು" ಅನ್ನುತ್ತಿದ್ದೆ. ಎದುರಿಗೆ ಕೂತ ಮಗುವಿಗೆ ಹೇಳಬೇಕಾದದ್ದನ್ನು ದೇವರಿಗೆ ಹೇಳುವ ಹಾಗೆ ಹೇಳುತ್ತಿದ್ದೆ. ಅವಳು ತಿರುಗಿ ಮಾತಾಡುವ ಹಾಗೂ ಇರಲಿಲ್ಲ.

ಒಂದು ಬೆಳಿಗ್ಗೆ ಗಾಡಿಯ ಕೀ ಸಿಗಲಿಲ್ಲ. ಮಗಳೇ ಎಲ್ಲೋ ಇಟ್ಟಿದ್ದಾಳೆ ಅಂತ ಕೂಗಾಡಿದೆ. ಅವಳ ಸ್ಕೂಲ್ ಬ್ಯಾಗು ಮಗುಚಿ ಪುಸ್ತಕಗಳನ್ನೆಲ್ಲ ನೆಲಕ್ಕೆ ಸುರಿದೆ. ಹತ್ತು ನಿಮಿಷದ ಮೇಲೆ ಕೀ ಸಿಕ್ಕಿತು, ಹಿಂದಿನ ದಿನ ನಾನು ಹಾಕಿಕೊಂಡಿದ್ದ ಪ್ಯಾಂಟಿನ ಜೇಬಿನಲ್ಲಿ. ಏನೂ ಹೇಳದೆ ಕೆಲಸಕ್ಕೆ ಹೊರಟುಹೋದೆ. ರಾತ್ರಿ ಎಂದಿನ ಹಾಗೆ ಸತ್ಯವೇದ (ಬೈಬಲ್) ತೆಗೆದೆ, ಒಂದು ಕೀರ್ತನೆ ಓದಿದೆ, ಪ್ರಾರ್ಥನೆ ಮಾಡಿದೆ. ಎಲ್ಲರೂ ಆಮೆನ್ ಅಂದರು, ಅವಳು ಅನ್ನಲಿಲ್ಲ. ಕಣ್ಣು ತೆರೆದು ನೋಡಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ಕಣ್ಣು ಮುಚ್ಚಿಯೇ ಇರಲಿಲ್ಲ ಅನಿಸುತ್ತದೆ. ಆ ನೋಟದಲ್ಲಿ ಕೋಪ ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮತ್ತಾಯ 5ನೇ ಅಧ್ಯಾಯದಲ್ಲಿ ಯೇಸು ಹೇಳುವುದು ನಿಮಗೆ ಗೊತ್ತೇ ಇದೆ. ಕಾಣಿಕೆ ಕೊಡಲು ಬಂದವನಿಗೆ ತನ್ನ ಮೇಲೆ ಸಹೋದರನಿಗೆ ಏನೋ ಬೇಸರ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಒಂದಾಗಬೇಕು. ಸಭೆಯಲ್ಲಿ ಯಾರ ಜೊತೆಗಾದರೂ ಮನಸ್ತಾಪವಾದಾಗ ಮಾತ್ರ ಈ ಮಾತು ನನಗೆ ನೆನಪಾಗುತ್ತಿತ್ತು. ಆ ಸಹೋದರ ನನ್ನ ಮನೆಯೊಳಗೇ, 11 ವರ್ಷದ ಮಗಳಾಗಿ ಕೂತಿರಬಹುದು ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಮೊದಲ ಸಲ ಕ್ಷಮೆ ಕೇಳಿದ್ದು ಕೆಟ್ಟುಹೋಯಿತು. "ತಪ್ಪಾಯ್ತು ಮಗಳೇ, ಆದರೆ ನೀನೂ ಸಾಮಾನು ಎಲ್ಲೆಂದರಲ್ಲಿ ಇಡ್ತೀಯ ಅಲ್ವಾ" ಅಂದೆ. ಅವಳು ತಲೆ ಅಲ್ಲಾಡಿಸಿ ಎದ್ದು ಹೋದಳು. ನನ್ನ ಹೆಂಡತಿ ಮೆಲ್ಲಗೆ ಹೇಳಿದಳು, "ಇದು ಕ್ಷಮೆ ಕೇಳಿದ್ದಲ್ಲ, ಇನ್ನೊಂದು ಸಲ ಬೈದಿದ್ದು." ಮಾರನೇ ದಿನ ಮತ್ತೆ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತೆ. "ಕೀ ನನ್ನ ಜೇಬಲ್ಲೇ ಇತ್ತು. ನೀನು ಮುಟ್ಟಿರಲಿಲ್ಲ. ನಾನು ನಿನ್ನ ಪುಸ್ತಕ ಸುರಿದದ್ದು ತಪ್ಪು. ನನ್ನನ್ನು ಕ್ಷಮಿಸ್ತೀಯಾ?" ಅಷ್ಟೇ ಹೇಳಿ ಸುಮ್ಮನಾದೆ. ಸ್ವಲ್ಪ ಹೊತ್ತು ಬಿಟ್ಟು ಅವಳು, "ಒಂದು ಹಾಳೆ ಹರಿದಿದೆ ಅಪ್ಪಾ" ಅಂತ ಪುಸ್ತಕ ತಂದಳು. ಇಬ್ಬರೂ ಕೂತು ಅಂಟಿಸಿದೆವು.

ಆಮೇಲೆ ನಮ್ಮ ಪ್ರಾರ್ಥನೆಯ ರೀತಿ ಬದಲಾಯಿತು. ಇನ್ನೊಬ್ಬರ ತಪ್ಪನ್ನು ಅಲ್ಲಿ ಯಾರೂ ಎತ್ತುವ ಹಾಗಿಲ್ಲ. ಅವರವರ ತಪ್ಪು ಅವರವರೇ ಹೇಳಬೇಕು, ಮೊದಲು ನಾನು. ಎಫೆಸದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದ ಮೊದಲ ವಚನ ತಂದೆತಾಯಿಯ ಮಾತು ಕೇಳಿ ಅನ್ನುತ್ತದೆ. ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ತಂದೆಗಳೇ, ಮಕ್ಕಳಿಗೆ ಕೋಪ ಬರಿಸಬೇಡಿ ಅನ್ನುವುದು ಅದೇ ಅಧ್ಯಾಯದ 4ನೇ ವಚನ. ಅದನ್ನು ನಾನು ಕಲಿತೇ ಇರಲಿಲ್ಲ.

ಮೂರು ಪುಟ್ಟ ಮಕ್ಕಳ ತಾಯಿ

ನಾನು ಪ್ರಾರ್ಥನೆ ನಿಂತು ಹೋಗುವುದರ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮದೂ ನಾಲ್ಕು ಸಲ ನಿಂತಿದೆ. ನಾವು ಅಳತೆ ಮೀರಿ ಶುರು ಮಾಡುತ್ತಿದ್ದೆವು. ಒಂದು ಅಧ್ಯಾಯ ಓದು, ಎರಡು ಹಾಡು, ಎಲ್ಲರ ಪ್ರಾರ್ಥನೆ, ಒಟ್ಟು ಮುಕ್ಕಾಲು ಗಂಟೆ. ಪುಟ್ಟ ಮಕ್ಕಳು ಅಷ್ಟು ಹೊತ್ತು ಎಲ್ಲಿ ಕೂರುತ್ತಾರೆ? ಈಗ ಐದು ನಿಮಿಷ. ರಾತ್ರಿ ಊಟ ಮುಗಿದ ತಕ್ಷಣ, ತಟ್ಟೆ ಎತ್ತುವ ಮೊದಲು. ಎದ್ದರೆ ಮತ್ತೆ ಒಟ್ಟಿಗೆ ಕೂರಿಸುವುದು ಕಷ್ಟ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿದೆವು. 16 ಅಧ್ಯಾಯ ಮಾತ್ರ, ಎಲ್ಲಾ ಸುವಾರ್ತೆಗಳಿಗಿಂತ ಚಿಕ್ಕದು, ಕಥೆ ಬೇಗ ಬೇಗ ಓಡುತ್ತದೆ. ದಿನಕ್ಕೆ ಒಂದೇ ಘಟನೆ ಓದುತ್ತೇವೆ. ಒಂದು ದಿನ ತಪ್ಪಿದರೆ ಯಾರೂ ಯಾರನ್ನೂ ಕೇಳುವುದಿಲ್ಲ, ಮಾರನೇ ದಿನ ಅಲ್ಲಿಂದಲೇ ಮುಂದಕ್ಕೆ.

ಇನ್ನೊಂದು ವಿಷಯ. ಧರ್ಮೋಪದೇಶಕಾಂಡ 6ನೇ ಅಧ್ಯಾಯದಲ್ಲಿ ದೇವರ ಮಾತುಗಳನ್ನು ಮಕ್ಕಳಿಗೆ ಯಾವಾಗ ಹೇಳಬೇಕು ಅಂತ ಇದೆ ನೋಡಿ: ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಇವೆಲ್ಲ ನಾವು ದಿನಾ ಹೇಗೂ ಮಾಡುವ ಕೆಲಸಗಳೇ. ಅದನ್ನು ಓದಿದ ಮೇಲೆ ನನ್ನ ಎದೆಯ ಭಾರ ಇಳಿಯಿತು. ಮಗಳಿಗೆ ಜಡೆ ಹಾಕುವಾಗ ಅವಳ ತಲೆ ನನ್ನ ಕೈಯಲ್ಲೇ ಇರುತ್ತದೆ. ಆಗ ಅವಳಿಗೆ ಕೇಳುವ ಹಾಗೆ ಎರಡು ಸಾಲು ಪ್ರಾರ್ಥನೆ ಮಾಡುತ್ತೇನೆ. "ಯೇಸಪ್ಪಾ, ಇವತ್ತು ಇವಳ ಪಕ್ಕ ಕೂರೋ ಹುಡುಗಿ ಇವಳ ಜೊತೆ ಮಾತಾಡಲಿ." ಕೂದಲು ಎಳೆದರೆ ಅವಳು "ಆಮೆನ್, ಸಾಕು" ಅನ್ನುತ್ತಾಳೆ. ಸಂಜೆ ಬಂದು, "ಮಾತಾಡಿದಳು ಅಮ್ಮ" ಅಂತ ಅವಳೇ ಹೇಳುವ ದಿನವೂ ಇರುತ್ತದೆ, ಹೇಳದ ದಿನವೂ ಇರುತ್ತದೆ.

ಗಂಡ ವಿಶ್ವಾಸಿಯಲ್ಲದ ಮನೆಯಿಂದ

ಅಕ್ಕ, ನಿಮ್ಮ ಯಜಮಾನರು ಸುಸ್ತಾಗಿಯಾದರೂ ಪಕ್ಕದಲ್ಲಿ ಕೂರುತ್ತಾರೆ. ನಮ್ಮ ಮನೆಯವರು ನಂಬುವುದಿಲ್ಲ. ಮೊದಲ ಆರು ವರ್ಷ ನಾನು ಅವರನ್ನು ಮಾತಿನಿಂದಲೇ ಗೆಲ್ಲಲು ನೋಡಿದೆ. ವಾರದಲ್ಲಿ ನಾಲ್ಕು ಸಂಜೆ ಪ್ರಾರ್ಥನಾ ಕೂಟ, ಉಪವಾಸ ಕೂಟ ಅಂತ ಹೋಗುತ್ತಿದ್ದೆ. ಒಂದು ದಿನ ಅವರು, "ನಿನ್ನ ದೇವರು ನಿನ್ನನ್ನು ಮನೆಯಿಂದ ಹೊರಗೇ ಇಟ್ಟಿದ್ದಾನೆ" ಅಂದರು. ಅಳುತ್ತಾ ಜಗಳವಾಡಿದೆ. ಆಮೇಲೆ ಯೋಚಿಸಿದರೆ ಅವರ ಮಾತಿನಲ್ಲಿ ನಿಜ ಇತ್ತು. ಮಾತಿಲ್ಲದೆ ನಡತೆಯಿಂದಲೇ ಗಂಡನನ್ನು ಗೆಲ್ಲಬಹುದು ಅಂತ ಪೇತ್ರನ ಮೊದಲ ಪತ್ರಿಕೆಯ 3ನೇ ಅಧ್ಯಾಯದಲ್ಲಿದೆ. ನಾನು ಮಾತು ಮಾತ್ರ ಇಟ್ಟುಕೊಂಡು ನಡತೆ ಬಿಟ್ಟಿದ್ದೆ. ಈಗ ಒಂದೇ ಕೂಟಕ್ಕೆ ಹೋಗುತ್ತೇನೆ. ಅವರು ಇನ್ನೂ ಸಭೆಗೆ ಬಂದಿಲ್ಲ. ಆದರೆ ಮಗಳಿಗೆ ಹುಷಾರಿಲ್ಲದ ರಾತ್ರಿ ಅವರೇ, "ನೀನು ಪ್ರಾರ್ಥನೆ ಮಾಡು, ನಾನು ಇಲ್ಲೇ ಕೂತಿರ್ತೀನಿ" ಅಂದರು.

ಮನಸ್ಸು ಕುಗ್ಗಿದಾಗ ಅಪೊಸ್ತಲ ಪೌಲನ ಜೊತೆಗಾರ ತಿಮೊಥೆಯನ ಮನೆಯನ್ನು ನೆನೆಸಿಕೊಳ್ಳುತ್ತೇನೆ. ಅವನ ತಂದೆ ಗ್ರೀಕನು, ತಾಯಿ ವಿಶ್ವಾಸಿಯಾದ ಯೆಹೂದ್ಯಳು. ನಂಬಿಕೆ ಮೊದಲು ಅವನ ಅಜ್ಜಿಯಲ್ಲಿ, ಆಮೇಲೆ ತಾಯಿಯಲ್ಲಿ ಇತ್ತು ಅಂತ ಪೌಲನು ಬರೆಯುತ್ತಾನೆ. ನಮ್ಮಂಥ ಮನೆಯಿಂದಲೂ ದೇವರು ಒಬ್ಬ ತಿಮೊಥೆಯನನ್ನು ಎಬ್ಬಿಸಿದನು.

ಒಂದು ಮಾತು ಖಂಡಿತ ಹೇಳಬೇಕು. ಪೇತ್ರನ ಈ ವಚನ ತೋರಿಸಿ, ಹೊಡೆಸಿಕೊಳ್ಳುವ ಹೆಂಗಸರಿಗೆ "ಸುಮ್ನೆ ಸಹಿಸಿಕೋ, ಪ್ರಾರ್ಥನೆ ಮಾಡು" ಅನ್ನುವವರಿದ್ದಾರೆ. ದಯವಿಟ್ಟು ಅದನ್ನು ಕೇಳಬೇಡಿ. ಕ್ಷಮಿಸುವುದು ಬೇರೆ, ಏಟು ಬೀಳುವ ಜಾಗದಲ್ಲೇ ಇರುವುದು ಬೇರೆ. ಅಂಥ ಮನೆಯಲ್ಲಿದ್ದರೆ ಮೊದಲು ಮಕ್ಕಳನ್ನು ಕರೆದುಕೊಂಡು ಸುರಕ್ಷಿತವಾದ ಜಾಗಕ್ಕೆ ಹೋಗಿ, ನಂಬುವವರಿಗೆ ತಿಳಿಸಿ.

ಅತ್ತೆಯನ್ನು ನೋಡಿಕೊಳ್ಳುತ್ತಿರುವವರು

ನನಗೆ ಗಂಟೆಗಟ್ಟಲೆ ಪ್ರಾರ್ಥನೆಗೆ ಸಮಯ ಇಲ್ಲ. ಅತ್ತೆಗೆ ಮರೆವಿನ ಕಾಯಿಲೆ. ಹಗಲು ರಾತ್ರಿ ಅವರ ಹಿಂದೆಯೇ ಇರಬೇಕು. ಸಭೆಯ ಕೆಲಸ ಬಿಟ್ಟೆ ಅಂತ ಬಹಳ ದಿನ ಅಳುತ್ತಿದ್ದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು "ಇದು ದೇವರಿಗೆ ಮುಡಿಪು" ಅಂತ ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಗದರಿಸಿದ್ದು ಮಾರ್ಕ 7ನೇ ಅಧ್ಯಾಯದಲ್ಲಿದೆ. ಅದನ್ನು ಓದಿದ ದಿನ ಅಳು ನಿಂತಿತು. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಅವರು ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ದೇವರ ಸಂಗಡ ಮಾತಾಡುತ್ತಿದ್ದರು. ನಾನೂ ಹಾಗೇ ಕಲಿಯುತ್ತಿದ್ದೇನೆ.

ಅತ್ತೆಗೆ ನನ್ನ ಹೆಸರು ಗೊತ್ತಿಲ್ಲ. ಆದರೆ ಅವರಿಗೆ ಬಟ್ಟೆ ಬದಲಿಸುವಾಗ 23ನೇ ಕೀರ್ತನೆ ಶುರು ಮಾಡಿದರೆ, ಎರಡನೇ ಸಾಲಿನಿಂದ ಅವರೇ ಹೇಳಿಕೊಂಡು ಹೋಗುತ್ತಾರೆ. ಬಿಗಿ ಹಿಡಿದ ಕೈ ಸಡಿಲವಾಗುತ್ತದೆ. ಆಗ ತೋಳು ಸುಲಭವಾಗಿ ಒಳಗೆ ಹೋಗುತ್ತದೆ. ನನ್ನ ಮಕ್ಕಳು ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಾರೆ. ನಾನು ಅವರಿಗೆ ಏನೂ ಹೇಳಿಲ್ಲ. ಈಗ ಅವರೂ ಆ ಕೀರ್ತನೆಯನ್ನು ನೋಡದೆ ಹೇಳುತ್ತಾರೆ.

ಕೇಳಿದವರು

ಓದಿ ಕಣ್ಣೀರು ಬಂತು. ಎಲ್ಲರಿಗೂ ಧನ್ಯವಾದ. ಇನ್ನೊಂದು ಕೇಳಲಾ? ಚಿಕ್ಕವಳು ಕೂರುತ್ತಾಳೆ. ದೊಡ್ಡವನು ಪ್ರಾರ್ಥನೆಗೆ ಬರುವುದಿಲ್ಲ ಅನ್ನುತ್ತಿದ್ದಾನೆ. ಒತ್ತಾಯ ಮಾಡಲಾ, ಬಿಟ್ಟುಬಿಡಲಾ?

24 ವರ್ಷದ ಒಬ್ಬ ಮಗ

ಆಂಟಿ, ನಾನು 14ರಲ್ಲಿ ನಿಮ್ಮ ಮಗನ ಹಾಗೇ ಇದ್ದೆ. ನನ್ನನ್ನು ದೂರ ಮಾಡಿದ್ದು ಯಾವುದು ಗೊತ್ತಾ? ಆರಾಧನೆ ಮುಗಿಸಿ ಮನೆಗೆ ಬರುವ ದಾರಿ. ಒಳಗೆ ಎಲ್ಲರ ಕೈ ಹಿಡಿದು "ಪ್ರೈಸ್ ದ ಲಾರ್ಡ್" ಅಂದವರು, ಗೇಟು ದಾಟಿದ ಕೂಡಲೇ ಪಾಸ್ಟರ್ ಪ್ರಸಂಗ ಹೀಗಿತ್ತು, ಅವರ ಮನೆಯಲ್ಲಿ ಹೀಗಂತೆ, ಇವರು ಕಾಣಿಕೆ ಇಷ್ಟೇ ಹಾಕಿದರಂತೆ ಅಂತ ಶುರು ಮಾಡುತ್ತಿದ್ದರು. ನಾನು ಹಿಂದೆ ಕೂತು ಎಲ್ಲಾ ಕೇಳಿಸಿಕೊಳ್ಳುತ್ತಿದ್ದೆ. ಮಕ್ಕಳು ಪ್ರಸಂಗ ಮರೆಯುತ್ತಾರೆ, ಇದನ್ನು ಮರೆಯುವುದಿಲ್ಲ.

ವಾಪಸ್ ತಂದದ್ದು ಒಂದು ನೋಟ್‌ಬುಕ್. ಅಮ್ಮ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಾಸಿಗೆಯ ಅಂಚಿನಲ್ಲಿ ಕೂತು ಪ್ರಾರ್ಥನೆ ಮಾಡುತ್ತಾರೆ. ಒಂದು ಸಲ ಪೆನ್ನು ಹುಡುಕುವಾಗ ಅವರ ಪ್ರಾರ್ಥನೆಯ ನೋಟ್‌ಬುಕ್ ಸಿಕ್ಕಿತು. ನಾನು ಅವರ ಜೊತೆ ಸರಿಯಾಗಿ ಮಾತಾಡದ ತಿಂಗಳುಗಳವು. ಪ್ರತಿ ಪುಟದಲ್ಲೂ ನನ್ನ ಹೆಸರಿತ್ತು. ಎದುರಿಗೆ "ಸಭೆಗೆ ಬರಲಿ" ಅಂತ ಇರುತ್ತದೆ ಅಂದುಕೊಂಡೆ. ಇರಲಿಲ್ಲ. "ಕೆಮ್ಮು", "ಗಣಿತ", "ಜಗಳವಾದ ಗೆಳೆಯ", "ಫುಟ್‌ಬಾಲ್ ಟೀಮಿನಲ್ಲಿ ಜಾಗ" ಅಂತ ಇತ್ತು. ಆ ಗೆಳೆಯನ ವಿಷಯ ನಾನು ಅವರಿಗೆ ಹೇಳಿಯೇ ಇರಲಿಲ್ಲ. ನೋಡಿ ತಿಳಿದುಕೊಂಡಿದ್ದರು.

ಒತ್ತಾಯ ಬೇಡ ಆಂಟಿ. ಆದರೆ ಕರೆಯುವುದನ್ನು ನಿಲ್ಲಿಸಬೇಡಿ. "ನಾವು ಕೂರ್ತಿದ್ದೀವಿ, ಬರ್ತೀಯಾ?" ಅಂತ ದಿನಾ ಒಂದೇ ಸಲ, ಅದೇ ದನಿಯಲ್ಲಿ ಕೇಳಿ. ಬರದಿದ್ದರೆ ಮುಖ ಗಂಟು ಹಾಕಿಕೊಳ್ಳಬೇಡಿ. ನನಗೆ ಆ ಪ್ರಶ್ನೆಗೆ ಹೂಂ ಅನ್ನಲು ಒಂದೂವರೆ ವರ್ಷ ಹಿಡಿಯಿತು.

ಒಬ್ಬ ತಂದೆ

ಈ ತಮ್ಮ ಹೇಳಿದ್ದು ಸರಿ. ಇದರ ಜೊತೆಗೆ ಒಂದು ಸೇರಿಸುತ್ತೇನೆ. ಮೆಥೊಡಿಸ್ಟ್ ಸಭೆಗಳಿಗೆ ಮೂಲವಾದ ಜಾನ್ ವೆಸ್ಲಿಯವರ ತಾಯಿ ಸುಸಾನಾ ವೆಸ್ಲಿ 19 ಮಕ್ಕಳನ್ನು ಹೆತ್ತವರು, ಅವರಲ್ಲಿ ಹಲವರು ಕೂಸಾಗಿದ್ದಾಗಲೇ ತೀರಿಕೊಂಡರು. ಅಂಥ ತುಂಬಿದ ಮನೆಯಲ್ಲೂ ವಾರದಲ್ಲಿ ಒಂದು ಹೊತ್ತು ಒಂದೊಂದು ಮಗುವಿನ ಜೊತೆ ಒಂಟಿಯಾಗಿ ಕೂತು ಮಾತಾಡುತ್ತಿದ್ದರು. ಜಾನ್‌ಗೆ ಗುರುವಾರ. ದೊಡ್ಡವನಾಗಿ ಮನೆ ಬಿಟ್ಟ ಮೇಲೂ ಅವರಿಗೆ ಆ ಗುರುವಾರದ ಹೊತ್ತು ಬೇಕೆನಿಸುತ್ತಿತ್ತು. ನನಗೆ ಇಬ್ಬರೇ ಮಕ್ಕಳು. ಶನಿವಾರ ಸಂಜೆ ಮಗಳ ಜೊತೆ ಸುಮ್ನೆ ನಡೆಯಲು ಹೋಗುತ್ತೇನೆ. ದೇವರ ವಿಷಯ ನಾನಾಗಿ ಎತ್ತುವುದಿಲ್ಲ. ಅವಳು ಎತ್ತಿದರೆ ನಿಂತು ಕೇಳುತ್ತೇನೆ.

ಕೇಳಿದವರು

ಕಳೆದ ವಾರ ಅವನ ಕೈಯಿಂದ ಫೋನ್ ಕಿತ್ತುಕೊಂಡು, ತಂಗಿಯ ಮುಂದೆ ಆಡಬಾರದ ಒಂದು ಮಾತು ಆಡಿದ್ದೆ. ಅವನು ಚರ್ಚಿನ ಮಾತು ತೆಗೆದದ್ದು ಅದರ ಮಾರನೇ ದಿನ. ನಾನು ಎರಡನ್ನೂ ಜೋಡಿಸಿ ನೋಡಿರಲಿಲ್ಲ, ನಿಮ್ಮ ಕೀ ವಿಷಯ ಓದಿದಾಗ ನೋಡಿದೆ ಬ್ರದರ್. ಪ್ರಾರ್ಥನೆ ಯಾವಾಗ, ಎಷ್ಟು ಹೊತ್ತು ಅನ್ನುವುದೆಲ್ಲ ಆಮೇಲೆ. ಮೊದಲು ಆ ಮಾತಿಗೆ ಕ್ಷಮೆ ಕೇಳುತ್ತೇನೆ. ತಂಗಿಯ ಮುಂದೆ ಆಡಿದ್ದರಿಂದ ಅವಳ ಮುಂದೆಯೇ ಕೇಳುತ್ತೇನೆ. "ಆದರೆ" ಅನ್ನುವುದಿಲ್ಲ. ಅವನು ಬರುವುದು ಎಂಟು ಗಂಟೆಗೆ. ಆ ಹೊತ್ತಿಗೆ ನನ್ನನ್ನು ನಿಮ್ಮ ಪ್ರಾರ್ಥನೆಯಲ್ಲಿ ನೆನೆಸಿಕೊಳ್ಳಿ.